ತೆರಿಗೆ ರಶೀದಿಯ ಗ್ರಂಥಾಲಯ ಕರ ಮತ್ತು ಮಂಗಳೂರಿನಲ್ಲಿ ಲೆಕ್ಕ ಕಲಿಸಿದ ರಂಗನಾಥನ್

ಕಾಪು, ಕಾರ್ಕಳ, ಉಡುಪಿ - ಎಲ್ಲಿಯದಾದರೂ ಆಗಲಿ, ಅಂಗಡಿ ಕಟ್ಟಡದ ತೆರಿಗೆ ಕಟ್ಟಿ ಬಂದವರು ರಶೀದಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ಆಸ್ತಿ ತೆರಿಗೆಯ ಕೆಳಗೆ ಬೇರೆ ಕರಗಳ ಸಾಲು ಉಂಟು. ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಅಂದರೆ ಸಾವಿರ ರೂಪಾಯಿ ತೆರಿಗೆ ಇದ್ದರೆ 60 ರೂಪಾಯಿ ಲೈಬ್ರರಿಗೆ. ಪಂಚಾಯತ್ ವ್ಯಾಪ್ತಿಯಲ್ಲಿ ಮನೆ ಇದ್ದವರ ರಶೀದಿಯಲ್ಲೂ ಈ ಆರು ಪರ್ಸೆಂಟ್ ತಪ್ಪುವುದಿಲ್ಲ. ಬೆಳಗ್ಗೆ ಎಂಟಕ್ಕೆ ಶಟರ್ ಎತ್ತಿ ರಾತ್ರಿ ಒಂಬತ್ತಕ್ಕೆ ಇಳಿಸುವವನಿಗೆ ಲೈಬ್ರರಿಗೆ ಹೋಗಲು ಪುರುಸೊತ್ತು ಎಲ್ಲಿ, ಮತ್ತೆ ಈ ದುಡ್ಡು ಯಾಕೆ ಎಂದು ಗೊಣಗುವವರೂ ಇದ್ದಾರೆ.

ಈ ಕರದ ಹಿಂದೆ ಒಬ್ಬ ಮನುಷ್ಯ ಇದ್ದಾರೆ. ಅವರು ರಾಜಕಾರಣಿ ಅಲ್ಲ, ಅಧಿಕಾರಿಯೂ ಅಲ್ಲ. ಲೆಕ್ಕದ ಮಾಸ್ಟ್ರು. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಅವರು ಕೆಲಸದ ಬದುಕು ಶುರು ಮಾಡಿದ್ದು ನಮ್ಮ ಜಿಲ್ಲೆಯಲ್ಲೇ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಆಗ ಉಡುಪಿ, ಕಾರ್ಕಳ, ಮಂಗಳೂರು, ಕಾಸರಗೋಡು ಎಲ್ಲ ಸೇರಿ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಅದು ಮದ್ರಾಸು ಪ್ರಾಂತ್ಯದ ಒಂದು ಮೂಲೆ.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಈಗ ಆ ಊರಿಗೆ ಶೀರ್ಕಾಳಿ ಎನ್ನುತ್ತಾರೆ. ಸಣ್ಣ ಪ್ರಾಯದಲ್ಲೇ ತಂದೆ ತೀರಿಕೊಂಡರು, ಬೆಳೆದದ್ದು ಅಜ್ಜನ ಆಸರೆಯಲ್ಲಿ. ಮಾತನಾಡುವಾಗ ತೊದಲು ಇತ್ತು. ಮಾಸ್ಟ್ರಾಗಬೇಕೆಂದು ಹೊರಟವನಿಗೆ ಅದು ಸಣ್ಣ ತೊಡಕಲ್ಲ. ಹಟ ಹಿಡಿದು ಅದನ್ನು ಹತೋಟಿಗೆ ತಂದುಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎ., 1916ರಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಗಣಿತ ಕಲಿಸಿದ ಎಡ್ವರ್ಡ್ ರಾಸ್ ಎಂಬವರನ್ನು ಜೀವನಪೂರ್ತಿ ಗುರು ಎಂದೇ ನೆನೆದರು. ಸೈದಾಪೇಟೆಯಲ್ಲಿ ಶಿಕ್ಷಕರ ತರಬೇತಿ ಆಯಿತು. 1917ರಲ್ಲಿ ಮೊದಲ ನೌಕರಿ ಸಿಕ್ಕಿದ್ದು ಮಂಗಳೂರಿನಲ್ಲಿ. ಆಗ ವಯಸ್ಸು 25.

ಆ ಕಾಲದ ಕರಾವಳಿಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. ಮಂಗಳೂರಿಗೆ ರೈಲು ಬಂದು ಹತ್ತು ವರ್ಷ ಆಗಿತ್ತು. ಆದರೆ ಉಡುಪಿಯಿಂದ ಮಂಗಳೂರಿಗೆ ಹೋಗುವವನಿಗೆ ದಾರಿಯಲ್ಲಿ ಹೊಳೆಗೊಂದು ಕಡವು, ಕಡವಿಗೊಂದು ದೋಣಿ. ಉಡುಪಿಯಲ್ಲಿ ಕಾಲೇಜು ಇರಲಿಲ್ಲ; ಎಂ.ಜಿ.ಎಂ. ಕಾಲೇಜು ಬಂದದ್ದು 1949ರಲ್ಲಿ. ಕಾರ್ಕಳದ ಭುವನೇಂದ್ರ ಕಾಲೇಜಿಗೆ 1960 ಆಗಬೇಕಾಯಿತು. ಮಣಿಪಾಲ ಎಂದರೆ ಬೋಳು ಗುಡ್ಡ. ಮೆಟ್ರಿಕ್ ಆದ ಹುಡುಗ ಮುಂದೆ ಓದಬೇಕಾದರೆ ಮಂಗಳೂರಿಗೆ ಹೋಗಬೇಕು, ಅಲ್ಲಿ ಕೋಣೆ ಮಾಡಿ ಇರಬೇಕು. ಇನ್ನು ಪುಸ್ತಕ? ಅದು ಇದ್ದವರ ಮನೆಯಲ್ಲಿ ಮಾತ್ರ.

ಇದ್ದವರೂ ಇದ್ದರು ಅನ್ನಿ. ಮಂಜೇಶ್ವರದ ಗೋವಿಂದ ಪೈಗಳು ರಂಗನಾಥನ್‌ಗಿಂತ ಒಂಬತ್ತು ವರ್ಷ ದೊಡ್ಡವರು, ಕಲಿತದ್ದು ಅದೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ತಂದೆ ತೀರಿಕೊಂಡದ್ದರಿಂದ ಓದನ್ನು ಅರ್ಧಕ್ಕೇ ಬಿಟ್ಟು ಊರಿಗೆ ಬಂದರು. ಮತ್ತೆ ಮಂಜೇಶ್ವರದ ಮನೆಯಲ್ಲೇ ಕೂತು ಹತ್ತಾರು ಭಾಷೆಗಳಲ್ಲಿ ಓದಿದರು. ಅವರದ್ದು ಸಾಹುಕಾರರ ಮನೆ, ಪುಸ್ತಕ ತರಿಸಿಕೊಳ್ಳುವ ಶಕ್ತಿ ಇತ್ತು. ಅವರ ಪುಸ್ತಕ ಭಂಡಾರ ಕಡೆಗೆ ಉಡುಪಿಗೇ ಬಂತು, ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಈಗ ಉಂಟು. ಆದರೆ ಮಂಜೇಶ್ವರದಲ್ಲೇ ಆಗಲಿ, ಕಾಪುವಿನಲ್ಲೇ ಆಗಲಿ, ಓದುವ ಆಸೆ ಇದ್ದೂ ದುಡ್ಡಿಲ್ಲದ ಹುಡುಗ ಏನು ಮಾಡಬೇಕಿತ್ತು?

ರಂಗನಾಥನ್ ಮಂಗಳೂರಿನಲ್ಲಿ ಇದ್ದದ್ದು 1920ರ ತನಕ. ಕಲಿಸಿದ್ದು ಗಣಿತ ಮತ್ತು ಭೌತಶಾಸ್ತ್ರ. ನಂತರ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಆ ತನಕ ಗ್ರಂಥಾಲಯಕ್ಕೂ ಅವರಿಗೂ ಸಂಬಂಧ ಇರಲಿಲ್ಲ. ಲೆಕ್ಕ ಕಲಿಸುವುದೇ ಅವರಿಗೆ ಇಷ್ಟದ ಕೆಲಸ.

ಬೇಡದ ನೌಕರಿ

1923ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆಯಿತು. ಸಂಬಳ ಮಾಸ್ಟ್ರ ಸಂಬಳಕ್ಕಿಂತ ಜಾಸ್ತಿ. ಒಂಬೈನೂರರಷ್ಟು ಅರ್ಜಿ ಬಂದವಂತೆ, ಆದರೆ ಗ್ರಂಥಾಲಯದ ಕೆಲಸ ಕಲಿತವರು ಅದರಲ್ಲಿ ಒಬ್ಬರೂ ಇಲ್ಲ. ರಂಗನಾಥನ್ ಸ್ನೇಹಿತರ ಒತ್ತಾಯಕ್ಕೆ ಅರ್ಜಿ ಹಾಕಿ ಅದನ್ನು ಮರೆತೇ ಬಿಟ್ಟಿದ್ದರು. ಸಂದರ್ಶನಕ್ಕೆ ಕರೆ ಬಂದಾಗ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನ ಓದಿಕೊಂಡು ಹೋದರು. ಅಷ್ಟೇ ಅವರ ತಯಾರಿ. ಗಣಿತದಲ್ಲಿ ಬರೆದಿದ್ದ ಕೆಲವು ಲೇಖನಗಳು ಕೈ ಹಿಡಿದವು, ಕೆಲಸ ಸಿಕ್ಕಿತು.

1924ರ ಜನವರಿಯಲ್ಲಿ ಕುರ್ಚಿಯಲ್ಲಿ ಕೂತರು. ಕೆಲವೇ ದಿನಕ್ಕೆ ಬೇಸರ ಬಂತು. ಮಕ್ಕಳಿಲ್ಲ, ಪಾಠ ಇಲ್ಲ, ಮಾತನಾಡಲು ಜನ ಇಲ್ಲ. ಗಿರಾಕಿ ಬಾರದ ಅಂಗಡಿಯಲ್ಲಿ ಕೂತವರಿಗೆ ಆ ಸಂಕಟ ಗೊತ್ತಿರುತ್ತದೆ. ವಾಪಸ್ ಪಾಠಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದರು. ವಿಶ್ವವಿದ್ಯಾನಿಲಯದವರು ಒಂದು ಒಪ್ಪಂದಕ್ಕೆ ಬಂದರು: ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡ ಅನಿಸಿದರೆ ಮಾಸ್ಟ್ರ ಕೆಲಸಕ್ಕೆ ಹಿಂದಿರುಗಬಹುದು.

ಆ ಪ್ರಯಾಣದಿಂದ ಎಲ್ಲ ಬದಲಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಎಂಬವರ ಕೈಕೆಳಗೆ ಕಲಿತರು. ಕಲಿತದ್ದಕ್ಕಿಂತ ನೋಡಿದ್ದೇ ಹೆಚ್ಚು; ನೂರಕ್ಕೂ ಮಿಕ್ಕಿ ಗ್ರಂಥಾಲಯ ಸುತ್ತಿದರು. ಅಲ್ಲಿನ ಊರೂರ ಲೈಬ್ರರಿಗಳಲ್ಲಿ ಕಾರ್ಖಾನೆ ಕೆಲಸಗಾರರು, ಹೆಂಗಸರು, ಮಕ್ಕಳು ಕಪಾಟಿನ ಮುಂದೆಯೇ ನಿಂತು ಪುಸ್ತಕ ಆರಿಸುತ್ತಿದ್ದರು. ಯಾರೂ ತಡೆಯುತ್ತಿರಲಿಲ್ಲ. ನಮ್ಮಲ್ಲಿ ಪುಸ್ತಕ ಇತ್ತು, ಕಪಾಟು ಇತ್ತು, ಮೇಲೆ ಬೀಗ ಇತ್ತು.

ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಎಂಬ ಮಕ್ಕಳ ಆಟಿಕೆ ಮಾರುವುದನ್ನೂ ನೋಡಿದರು. ಅದೇ ಪಟ್ಟಿ, ಅದೇ ಬೋಲ್ಟು ನಟ್ಟು, ಆದರೆ ಜೋಡಿಸುವ ಕ್ರಮ ಬದಲಿಸಿದರೆ ಬೇರೆ ಬೇರೆ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿ ತುಂಡು ಮಾಡಿ ಜೋಡಿಸಬಹುದಲ್ಲ ಎಂದು ಹೊಳೆಯಿತು. ಊರಿಗೆ ಬರುವ ಹಡಗಿನಲ್ಲೇ ಅದಕ್ಕೆ ರೂಪ ಕೊಡಲು ಶುರು ಮಾಡಿದರು. ಅದೇ ಮುಂದೆ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ. ಲೋಕದ ಗ್ರಂಥಾಲಯ ಪಂಡಿತರು ತಲೆದೂಗಿದ ವಿದ್ಯೆ ಅದು. ಆದರೆ ಇದ್ದದ್ದು ಹೇಳಬೇಕಲ್ಲ, ನಮ್ಮ ದೇಶದ್ದೇ ಹೆಚ್ಚಿನ ಗ್ರಂಥಾಲಯಗಳು ಇಂದಿಗೂ ಬಳಸುವುದು ಅಮೆರಿಕದ ಡ್ಯೂವಿ ಪದ್ಧತಿ. ಸಾಮಾನ್ಯ ಓದುಗನ ಮಟ್ಟಿಗೆ ರಂಗನಾಥನ್ ಮಾಡಿದ ದೊಡ್ಡ ಕೆಲಸ ಬೇರೆ.

ಬೀಗ ತೆಗೆದರು

1925ರಲ್ಲಿ ಮದ್ರಾಸಿಗೆ ಹಿಂದಿರುಗಿದ ಮೇಲೆ ಮಾಸ್ಟ್ರ ಕೆಲಸದ ಮಾತೇ ಇಲ್ಲ. ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಅವರು ತಂದ ಮುಖ್ಯ ಬದಲಾವಣೆ ಎಂದರೆ ಓದುಗರನ್ನು ಪುಸ್ತಕದ ಸಾಲುಗಳ ನಡುವೆ ಬಿಟ್ಟದ್ದು. ಈಗ ಇದು ಏನೂ ಅಲ್ಲ ಅನಿಸಬಹುದು. ಆಗಿನ ಕ್ರಮ ಹೇಗಿತ್ತೆಂದರೆ, ಓದುಗ ಬಾಗಿಲಲ್ಲಿ ನಿಂತು ಚೀಟಿ ಬರೆದು ಕೊಡಬೇಕು. ಜವಾನ ಒಳಗೆ ಹೋಗಿ ಹುಡುಕಿ ತರುತ್ತಾನೆ, ಅಥವಾ ಇಲ್ಲ ಎಂದು ಬರುತ್ತಾನೆ. ಯಾವ ಪುಸ್ತಕ ಬೇಕೆಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಪುಸ್ತಕ ಸಿಗುತ್ತದೆ. ಏನುಂಟು ಎಂದೇ ತಿಳಿಯದ ಹಳ್ಳಿ ಹುಡುಗ ಚೀಟಿಯಲ್ಲಿ ಏನು ಬರೆಯುವುದು?

ಇನ್ನೊಂದು ಕಡೆ, ಲೈಬ್ರರಿಯವನ ಪಾಡೂ ನೋಡಬೇಕು. ಪುಸ್ತಕ ಕಳೆದರೆ ಅವನ ಸಂಬಳದಿಂದ ಮುರಿಯುವ ಪದ್ಧತಿ ಎಷ್ಟೋ ಕಡೆ ಇತ್ತು. ಹಾಗಾಗಿ ಅವನು ಪುಸ್ತಕ ಕೊಡುವವನಲ್ಲ, ಪುಸ್ತಕ ಕಾಯುವವನಾಗಿದ್ದ. ಕಪಾಟಿನಿಂದ ಪುಸ್ತಕ ಹೊರಗೆ ಬಾರದಿದ್ದರೆ ಅವನಿಗೆ ನೆಮ್ಮದಿ. ರಂಗನಾಥನ್ ಕಿತ್ತು ಹಾಕಲು ಹೊರಟದ್ದು ಈ ಹೆದರಿಕೆಯನ್ನೇ. ಹಳೆ ಯುರೋಪಿನಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಕಟ್ಟಿ ಇಡುತ್ತಿದ್ದದ್ದನ್ನು ಅವರು ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಸರಪಳಿ ಹೋಗಿ ಬೀಗ ಬಂದರೆ ಅವರ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ.

ಬಾಗಿಲು ತೆರೆದರೆ ಕಳ್ಳತನ ಆಗುವುದಿಲ್ಲವೇ? ಆಗುತ್ತದೆ. ಅದು ಅವರಿಗೆ ಗೊತ್ತಿತ್ತು, ಅದಕ್ಕೆ ಏರ್ಪಾಟೂ ಹೇಳಿದರು. ಒಳಗೆ ಬರಲು, ಹೊರಗೆ ಹೋಗಲು ಒಂದೇ ಕಡೆ ದಾರಿ. ಅಲ್ಲಿ ಒಬ್ಬೊಬ್ಬರೇ ದಾಟುವಂಥ ಸಣ್ಣ ಗೇಟು. ಗೇಟಿನಲ್ಲಿ ಒಬ್ಬ ಸಿಬ್ಬಂದಿ. ಮಿಕ್ಕ ಕಡೆ ಓದುಗ ಸ್ವತಂತ್ರ. ಇಷ್ಟಾಗಿಯೂ ನಾಲ್ಕು ಪುಸ್ತಕ ಹೋದರೆ ಹೋಗಲಿ, ಸಾವಿರ ಪುಸ್ತಕ ಓದದೆ ಗೆದ್ದಲು ಹಿಡಿಯುವುದಕ್ಕಿಂತ ಅದು ಕಡಿಮೆ ನಷ್ಟ ಎಂಬುದು ಅವರ ಲೆಕ್ಕ. ಸೂಪರ್ ಮಾರ್ಕೆಟ್ ನಡೆಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊದಲು ಜಿನಸು ಅಂಗಡಿಯಲ್ಲಿ ಗಿರಾಕಿ ಹೊರಗೆ ನಿಂತು ಚೀಟಿ ಕೊಡುತ್ತಿದ್ದ, ಧನಿಗಳು ಕಟ್ಟಿ ಕೊಡುತ್ತಿದ್ದರು. ಈಗ ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ಸುತ್ತುತ್ತಾನೆ, ತರಲು ಬಂದದ್ದು ಒಂದು, ಕೊಂಡು ಹೋಗುವುದು ನಾಲ್ಕು. ದುಡ್ಡು ಕೊಡುವ ಕಡೆ ಮಾತ್ರ ಒಂದು ಬಾಗಿಲು.

ಅಂಗಡಿಯ ಹೋಲಿಕೆ ಅವರಿಗೂ ಹೊಸತಲ್ಲ. ಗ್ರಂಥಾಲಯವನ್ನು ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ಬಂದಾಗ ವ್ಯಾಪಾರಿಗಳನ್ನು ನೋಡಿ ಕಲಿಯಿರಿ ಎಂಬ ಅರ್ಥದಲ್ಲಿ ಬರೆದರು. ಬುದ್ಧಿ ಇದ್ದ ವ್ಯಾಪಾರಿ ಜನ ಓಡಾಡುವ ಕಡೆ ಅಂಗಡಿ ಇಡುತ್ತಾನೆ, ಊರ ಹೊರಗೆ ಗುಡ್ಡದ ಮೇಲೆ ಇಡುವುದಿಲ್ಲ. ಸಮಯದ ಮಾತೂ ಹಾಗೆಯೇ. ಜನ ಕೆಲಸಕ್ಕೆ ಹೋದ ಹೊತ್ತಿಗೆ ತೆರೆದು, ಅವರು ಬಿಡುವಾಗುವ ಹೊತ್ತಿಗೆ ಮುಚ್ಚುವ ಗ್ರಂಥಾಲಯ ಯಾರಿಗಾಗಿ ಎಂದು ಅವರು ಕೇಳಿದ್ದು ಸುಮಾರು ನೂರು ವರ್ಷದ ಹಿಂದೆ. ಆ ಪ್ರಶ್ನೆ ಎಷ್ಟೋ ಊರುಗಳಲ್ಲಿ ಇನ್ನೂ ಹಾಗೇ ಉಂಟು.

ಬರೀ ಬಾಗಿಲು ತೆರೆದು ಬಿಟ್ಟರೆ ಸಾಲದು ಎಂದೂ ಕಂಡುಕೊಂಡಿದ್ದರು. ಸಾವಿರಾರು ಪುಸ್ತಕದ ನಡುವೆ ಹೊಸಬ ಕಕ್ಕಾಬಿಕ್ಕಿ ಆಗುತ್ತಾನೆ. ಅದಕ್ಕೆ ಸಿಬ್ಬಂದಿ ಮೇಜಿನ ಹಿಂದೆ ಕೂತಿರದೆ ಓದುಗರ ನಡುವೆ ಓಡಾಡಬೇಕು, ಏನು ಬೇಕೆಂದು ವಿಚಾರಿಸಬೇಕು. ಜವಳಿ ಅಂಗಡಿಯ ಒಳ್ಳೆ ಸೇಲ್ಸ್‌ಮನ್‌ನ ಹಾಗೆ ಅನ್ನಬಹುದು. ಒತ್ತಾಯ ಮಾಡಬಾರದು, ಹತ್ತಿರದಲ್ಲೇ ಇರಬೇಕು.

ಮನೆಯ ಬದುಕು ಅಷ್ಟು ಸುಖದ್ದಲ್ಲ. 1928ರಲ್ಲಿ ಪತ್ನಿ ರುಕ್ಮಿಣಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ಮದುವೆಯಾದರು. ಮದುವೆ ಮುಗಿಸಿ ಮಧ್ಯಾಹ್ನ ಗ್ರಂಥಾಲಯಕ್ಕೆ ಕೆಲಸಕ್ಕೆ ಹೋದರು ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಸಂಗತಿ. ಸುಮಾರು ಇಪ್ಪತ್ತು ವರ್ಷ ರಜೆ ಎಂಬುದನ್ನೇ ಸರಿಯಾಗಿ ತೆಗೆದುಕೊಳ್ಳದೆ ದುಡಿದ ಮನುಷ್ಯ. ಖಾದಿ ಉಡುಪು, ಬರಿಗಾಲ ನಡಿಗೆ, ಸರಳ ಊಟ. ತಾನು ದುಡಿದಷ್ಟು ಉಳಿದವರೂ ದುಡಿಯಬೇಕು ಎಂದು ಬಯಸುವವರ ಜತೆ ಕೆಲಸ ಮಾಡುವುದು ಸುಲಭ ಅಲ್ಲ, ಮನೆ ನಡೆಸುವುದೂ ಸುಲಭ ಅಲ್ಲ. ಶಾರದಾ ಅವರ ತಾಳ್ಮೆಯ ಬಗ್ಗೆ ಯಾರೂ ದಪ್ಪ ಪುಸ್ತಕ ಬರೆಯಲಿಲ್ಲ. ರಂಗನಾಥನ್ ಮಾತ್ರ ಮುಂದೆ ತಮ್ಮ ದಾನಗಳಿಗೆಲ್ಲ ಹೆಂಡತಿಯ ಹೆಸರನ್ನು ಸೇರಿಸಿದರು.

1931ರಲ್ಲಿ ಬಂದ ಅವರ ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ಇಂದಿಗೂ ಲೋಕದ ಎಲ್ಲ ಕಡೆ ಪಾಠವಾಗಿ ಉಂಟು. ಸೂತ್ರಗಳ ತಾತ್ಪರ್ಯ ದೊಡ್ಡ ಪಾಂಡಿತ್ಯದ್ದಲ್ಲ. ಪುಸ್ತಕ ಇರುವುದು ಬಳಸಲಿಕ್ಕೆ, ಪ್ರತಿಯೊಬ್ಬನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಓದುವವನು ಸಿಗಬೇಕು, ಓದುಗನ ಹೊತ್ತು ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಾ ಇರಬೇಕು. ಎರಡನೆಯದೇ ಕಷ್ಟದ್ದು. ಪ್ರತಿಯೊಬ್ಬ ಎಂದರೆ ಯಾರು ಎಂದು ಅವರು ಎಳೆ ಎಳೆಯಾಗಿ ಬಿಡಿಸಿದರು: ಗಂಡಸರಷ್ಟೇ ಹೆಂಗಸರು, ಪೇಟೆಯವರಷ್ಟೇ ಹಳ್ಳಿಯವರು, ದಡದವರಷ್ಟೇ ಕಡಲಿನವರು. ಕಾಪುವಿನ ದೀಪಸ್ತಂಭ ಆಗಲೇ ನಿಂತು ಮೂವತ್ತು ವರ್ಷ ಆಗಿತ್ತು. ಅದರ ಬೆಳಕು ನೋಡಿ ದಡಕ್ಕೆ ಬರುವ ಮೊಗವೀರರ ಮನೆಯ ಮಕ್ಕಳೂ ಆ ಲೆಕ್ಕದ ಒಳಗೇ ಬರುತ್ತಾರೆ.

ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಹತ್ತಿರ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಕನಕಸಭೈ ಪಿಳ್ಳೈ ಎಂಬ ಇಂಜಿನಿಯರು ಗಾಡಿಯನ್ನು ಮಾಡಿಸಿದರು, ಉದ್ಘಾಟನೆ ರಂಗನಾಥನ್ ಕೈಯಿಂದ. ಪುಸ್ತಕ ತುಂಬಿದ ಗಾಡಿ ಹಳ್ಳಿ ಹಳ್ಳಿ ಸುತ್ತುತ್ತಿತ್ತು.

ಕಾನೂನು ಆಗಲು ಹದಿನೆಂಟು ವರ್ಷ

ಆದರೆ ಒಬ್ಬರ ದಾನದಿಂದ, ಇನ್ನೊಬ್ಬರ ಉತ್ಸಾಹದಿಂದ ನಡೆಯುವ ಗ್ರಂಥಾಲಯ ಅವರಿದ್ದಷ್ಟು ದಿನ. ಆಮೇಲೆ ಬಾಗಿಲು. ಇದು ನಮ್ಮ ಕಡೆಯ ಯುವಕ ಮಂಡಲದ ಎಷ್ಟು ವಾಚನಾಲಯಗಳ ಕತೆ ಎಂದು ಹಿರಿಯರಲ್ಲಿ ಕೇಳಬೇಕು. ಅದಕ್ಕೇ ರಂಗನಾಥನ್ ಹಟ ಹಿಡಿದದ್ದು ಕಾನೂನಿಗೆ, ಕಾನೂನಿನೊಳಗೆ ಕರಕ್ಕೆ. ದೀಪಕ್ಕೆ, ಚರಂಡಿಗೆ ತೆರಿಗೆ ಕೊಡುವ ಹಾಗೆ ಓದಿಗೂ ಎಲ್ಲರೂ ಸ್ವಲ್ಪ ಕೊಡಬೇಕು. ಹಾಗೆ ಕೊಟ್ಟಾಗ ಓದುವುದು ಯಾರ ದಯೆಯೂ ಅಲ್ಲ. ಒಳಗೆ ಬಂದವನು ತನ್ನದೇ ದುಡ್ಡಿನ ಪುಸ್ತಕ ಮುಟ್ಟುತ್ತಿದ್ದಾನೆ.

1930ರಲ್ಲಿ ಬನಾರಸಿನ ಶಿಕ್ಷಣ ಸಮ್ಮೇಳನದಲ್ಲಿ ಮಾದರಿ ಕರಡು ಮಂಡಿಸಿದರು. 1933ರಲ್ಲಿ ಬಷೀರ್ ಅಹಮದ್ ಸಯೀದ್ ಅವರು ಅದನ್ನು ಮದ್ರಾಸ್ ಶಾಸನ ಸಭೆಗೆ ತಂದರು, ಪಾಸಾಗಲಿಲ್ಲ. ಕಡೆಗೆ ಅವಿನಾಶಿಲಿಂಗಂ ಚೆಟ್ಟಿಯಾರ್ ಶಿಕ್ಷಣ ಮಂತ್ರಿಯಾಗಿದ್ದಾಗ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, 1948ರಲ್ಲಿ. ಸ್ವತಂತ್ರ ಭಾರತದಲ್ಲಿ ಇಂಥ ಕಾನೂನು ಅದೇ ಮೊದಲು.

ಇಲ್ಲಿ ಒಂದು ಸಂಗತಿ ಉಡುಪಿ, ಕಾರ್ಕಳದವರು ತಿಳಿದಿರಬೇಕು. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯದಲ್ಲಿ ಇದ್ದ ಕಾರಣ ಆ ಕಾನೂನು ನಮಗೂ ಲಾಗೂ ಆಯಿತು. ಬೆಂಗಳೂರು, ಮೈಸೂರಿನವರಿಗೆ ಅಂಥ ಕಾನೂನು ಇಲ್ಲದಿದ್ದ ದಿನಗಳಲ್ಲೇ ಈ ಕಡಲ ಕರೆಯ ಊರುಗಳು ಗ್ರಂಥಾಲಯ ಕರದ ಒಳಗೆ ಬಂದಿದ್ದವು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು.

ಇಷ್ಟರಲ್ಲಿ ರಂಗನಾಥನ್ ಮದ್ರಾಸು ಬಿಟ್ಟಾಗಿತ್ತು. ಹೊಸ ಕುಲಪತಿಗಳ ಜತೆ ಸರಿಬರಲಿಲ್ಲ. 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿನ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಹೆಚ್ಚುಕಡಿಮೆ ಒಬ್ಬರೇ ವಿಂಗಡಿಸಿ ಇಟ್ಟರು. ಬಳಿಕ ದೆಹಲಿ, ಜ್ಯೂರಿಕ್, ಉಜ್ಜಯಿನಿ. 1957ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೇ, ಹೆಂಡತಿಯ ಹೆಸರೂ ಸೇರಿದ ಪ್ರಾಧ್ಯಾಪಕ ಪೀಠಕ್ಕೆಂದು ಕೊಟ್ಟರು. ಮನಸ್ತಾಪ ಮಾಡಿಕೊಂಡು ಹೊರಬಂದ ಜಾಗಕ್ಕೆ ಅಷ್ಟು ದುಡ್ಡು ಕೊಡುವವರು ಕಡಿಮೆ.

ಕೊನೆಯ ವರ್ಷಗಳು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು. ಅವರ ಪ್ರಯತ್ನದ ಫಲವಾಗಿ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ಈಗಿನ ಕರ್ನಾಟಕದ ಕಾಯ್ದೆ ಅದೇ; ರಶೀದಿಯ ಆರು ಪರ್ಸೆಂಟ್ ಬರುವುದು ಅದರಿಂದಲೇ. ಲಂಡನ್ನಿನಿಂದ ಬಂದ ಹುಮ್ಮಸ್ಸಿನ ಮನುಷ್ಯ ಆ ಹೊತ್ತಿಗೆ 73ರ ಮುದುಕ. ಕೇಂದ್ರ ಸರಕಾರ ಅದೇ ವರ್ಷ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಎಂದು ಗೌರವಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ವಸೂಲಾದ ಗ್ರಂಥಾಲಯ ಕರ ಗ್ರಂಥಾಲಯಕ್ಕೆ ಸರಿಯಾಗಿ ದಾಟುವುದಿಲ್ಲ ಎಂಬ ದೂರು ರಾಜ್ಯದಲ್ಲಿ ಹಲವು ಸಲ ಸುದ್ದಿಯಾಗಿದೆ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ ಅವು ಅರಿವು ಕೇಂದ್ರ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿವೆ. ಅಲ್ಲಿ ಹೋಗಿ ಪೇಪರ್ ಓದಲು, ಕೂತು ಪುಸ್ತಕ ನೋಡಲು ದುಡ್ಡು ಕೊಡಬೇಕಾಗಿಲ್ಲ. ಮೊದಲೇ ಕೊಟ್ಟಾಗಿದೆ ಅಲ್ವಾ!

ರಂಗನಾಥನ್ ನೆನಪಿಗೆ ಆಗಸ್ಟ್ 12ನ್ನು ದೇಶದಲ್ಲಿ ಗ್ರಂಥಪಾಲಕರ ದಿನ ಎಂದು ಆಚರಿಸುತ್ತಾರೆ. ಕಾಲೇಜು ಲೈಬ್ರರಿಗಳಲ್ಲಿ ಕನ್ನಡಕದ ಒಬ್ಬ ಅಜ್ಜನ ಫೋಟೋಗೆ ಹೂ ಹಾಕಿ ಹೊಸ ಪುಸ್ತಕ ಜೋಡಿಸಿ ಇಡುವುದು ಆ ದಿನ. ಅವರು ಲೆಕ್ಕ ಕಲಿಸಿದ ಮಂಗಳೂರಿನ ಸರಕಾರಿ ಕಾಲೇಜು ಈಗ ವಿಶ್ವವಿದ್ಯಾನಿಲಯ ಕಾಲೇಜು ಎಂಬ ಹೆಸರಿನಲ್ಲಿ ಹಂಪನಕಟ್ಟೆಯಲ್ಲಿ ನಡೆಯುತ್ತಿದೆ. ಉಡುಪಿ ಕಡೆಯಿಂದ ಹೋಗುವವರಿಗೆ ಕಡವು ದಾಟುವ ಕೆಲಸ ಈಗ ಇಲ್ಲ.